ಹಾಯಿದೋಣಿಗೆ ಹೊಸ ಪ್ರೊಪೆಲ್ಲರ್ ಬೇಕು, ಯಾವುದು ತಗೊಳ್ಳೋದು?

ಪ್ರಶ್ನೆ: ನಮಸ್ಕಾರ ಸರ್, ನಾವಿರೋದು ಅಮೆರಿಕದ ಅನಾಪೊಲಿಸ್‌ನಲ್ಲಿ, ಚೆಸಪೀಕ್ ಕೊಲ್ಲಿ ಪಕ್ಕ. 30 ಅಡಿದು ಒಂದು ಹಳೇ ಸೇಲ್‌ಬೋಟ್ ಇದೆ, ನೀರಿನ ಮಟ್ಟದಲ್ಲಿ ಉದ್ದ 25 ಅಡಿ, ಎಂಜಿನ್ ಯಾನ್ಮಾರ್ 2ಜಿಎಂ20, ಗೇರ್ ರೇಷಿಯೋ 2.62. ಚಳಿಗಾಲಕ್ಕೆ ಬೋಟ್ ಮೇಲೆ ಎತ್ತಿಸಿದಾಗ ನೋಡಿದ್ರೆ ಎರಡು ಬ್ಲೇಡಿನ ಪ್ರೊಪೆಲ್ಲರ್‌ದು ಒಂದು ತುದಿ ಮುರಿದಿದೆ, ಯಾವುದೋ ಮರದ ದಿಮ್ಮಿಗೆ ಬಡಿದಿರಬೇಕು, ಅಲ್ಲಲ್ಲಿ ಗುಲಾಬಿ ಬಣ್ಣ ಬೇರೆ. ಅದರ ಮೇಲೆ 15 ಆರ್‌ಎಚ್ 12 ಅಂತ ಗುದ್ದಿದಾರೆ. ಸೀಸನ್ ಶುರುವಲ್ಲಿ ತಳ ಎಲ್ಲ ಕ್ಲೀನ್ ಇದ್ದಾಗ್ಲೂ ಫುಲ್ ಥ್ರಾಟಲ್‌ಗೆ 3100 ಆರ್‌ಪಿಎಂ ದಾಟ್ತಿರಲಿಲ್ಲ, ಕಪ್ಪು ಹೊಗೆ ಬರ್ತಿತ್ತು. ಮರೀನಾದಲ್ಲಿ ಒಬ್ರು ಮೂರು ಬ್ಲೇಡ್ ಹಾಕಿಸು ಅಂತಾರೆ, ಇನ್ನೊಬ್ರು ಫೋಲ್ಡಿಂಗ್ (ಹಾಯಲ್ಲಿ ಹೋಗುವಾಗ ಬ್ಲೇಡು ಮಡಚ್ಕೊಳ್ಳೋದು) ಬಿಟ್ಟು ಬೇರೆ ತಗೋಬೇಡ ಅಂತಾರೆ. ತಲೆ ಕೆಟ್ಟುಹೋಗಿದೆ.

ಉತ್ತರ: ಇಬ್ರೂ ಪ್ರೊಪೆಲ್ಲರ್ ಯಾವ ಜಾತಿದು ಅಂತ ಜಗಳ ಆಡ್ತಿದಾರೆ, ನಿಮ್ಮ ತೊಂದರೆ ಇರೋದು ಅಳತೆಯಲ್ಲಿ. 15 ಅಂದ್ರೆ ವ್ಯಾಸ 15 ಇಂಚು, ಆರ್‌ಎಚ್ ಅಂದ್ರೆ ಹಿಂದಿನಿಂದ ನೋಡಿದ್ರೆ ಗಡಿಯಾರದ ದಿಕ್ಕಿಗೆ ತಿರುಗೋದು, 12 ಪಿಚ್ಚು, ಅಂದ್ರೆ ನೀರು ಗಟ್ಟಿ ಇದ್ದಿದ್ರೆ ಒಂದು ಸುತ್ತಿಗೆ 12 ಇಂಚು ಮುಂದೆ ಹೋಗ್ತಿತ್ತು ಅಂತ. ನಿಮ್ಮ ಎಂಜಿನ್ ಫುಲ್ ಥ್ರಾಟಲ್‌ಗೆ 3600 ಮುಟ್ಟಬೇಕು. 500 ಕಮ್ಮಿ ಬರ್ತಿದೆ, ಹೊಗೆನೂ ಇದೆ ಅಂದ್ರೆ ಪಿಚ್ ಜಾಸ್ತಿ ಆಗಿದೆ, ಎಂಜಿನ್ನು ಟಾಪ್ ಗೇರಲ್ಲಿ ಘಾಟಿ ಹತ್ತೋ ಲಾರಿ ಥರ ಏದುಸಿರು ಬಿಡ್ತಿದೆ.

ಆದ್ರೆ ಆ 3100 ನಿಜಾನಾ ಅಂತ ಮೊದಲು ನೋಡ್ಕೊಳ್ಳಿ, ಯಾಕಂದ್ರೆ ಹಳೇ ಬೋಟಿನ ಆರ್‌ಪಿಎಂ ಮೀಟರ್ ನಂಬೋ ಹಾಗಿಲ್ಲ. ಕ್ರ್ಯಾಂಕ್ ಪುಲ್ಲಿಗೆ (ಎಂಜಿನ್ ಜೊತೆ ತಿರುಗೋ ಬೆಲ್ಟಿನ ಚಕ್ರ) ಒಂಚೂರು ಹೊಳೆಯೋ ಟೇಪ್ ಅಂಟಿಸಿ, ಕೈಲಿ ಹಿಡಿಯೋ ಆಪ್ಟಿಕಲ್ ಟ್ಯಾಕೋಮೀಟರ್‌ನ ಅದಕ್ಕೆ ಹಿಡಿದ್ರೆ ಸರಿಯಾದ ಲೆಕ್ಕ ಸಿಗುತ್ತೆ, ಬೋಟ್ ನೀರಿಂದ ಮೇಲಿದ್ರೂ ಮೀಟರ್ ಎಷ್ಟು ಸುಳ್ಳು ಹೇಳ್ತಿದೆ ಅಂತ ಮೆಕ್ಯಾನಿಕ್ ಹತ್ರ ಚೆಕ್ ಮಾಡಿಸ್ಬಹುದು, ತಂಪು ನೀರಿನ ವ್ಯವಸ್ಥೆ ಮಾಡ್ಕೊಂಡು. ಮೀಟರ್ ಸರಿ ಇದ್ರೆ ಮುಂದಿನ ಲೆಕ್ಕ ಸುಲಭ. ಒಂದು ಇಂಚು ಪಿಚ್ ಇಳಿಸಿದ್ರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತೆ, ಹಾಗಾಗಿ ನಿಮಗೆ 15 ಇಂಚು ವ್ಯಾಸಕ್ಕೆ ಪಿಚ್ 9.5 ಅಥವಾ ಅದಕ್ಕಿಂತ ಅರ್ಧ ಇಂಚು ಕಮ್ಮಿ. ತಾಳೆ ನೋಡೋಣ: 3600ನ್ನ 2.62ರಿಂದ ಭಾಗಿಸಿದ್ರೆ ಶಾಫ್ಟು 1374 ಸುತ್ತು, ಅದನ್ನ ಪಿಚ್ 9.5ರಿಂದ ಗುಣಿಸಿ 1215ರಿಂದ (ನಿಮಿಷಕ್ಕೆ ಇಷ್ಟು ಇಂಚು ಅನ್ನೋದನ್ನ ನಾಟ್ ಮಾಡೋ ಅಂಕಿ; ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಭಾಗಿಸಿದ್ರೆ 10.7 ನಾಟ್. 25 ಅಡಿ ನೀರ್ಮಟ್ಟದ ಬೋಟು ಓಡೋದೇ 6.7 ನಾಟ್ ಆಸುಪಾಸು, ಅಂದ್ರೆ ಸ್ಲಿಪ್ (ಲೆಕ್ಕದ ವೇಗಕ್ಕಿಂತ ನಿಜವಾದ ವೇಗ ಎಷ್ಟು ಕಮ್ಮಿ ಅನ್ನೋದು) 37 ಪರ್ಸೆಂಟ್ ಚಿಲ್ಲರೆ, ಹಾಯಿದೋಣಿಗೆ ಇದು ಸಹಜ.

ಗುಲಾಬಿ ಬಣ್ಣ ಅಂದ್ರೆ ಲೋಹದಲ್ಲಿರೋ ಸತು ನೀರಿಗೆ ಹೋಗಿ ತಾಮ್ರ ಮಾತ್ರ ಉಳೀತಿದೆ ಅಂತ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ, ಟಿಣ್ ಅಂದ್ರೆ ಜೀವ ಇದೆ, ದಡ್ ಅಂದ್ರೆ ಮುಗೀತು, ರಿಪೇರಿಗೆ ದುಡ್ಡು ಸುರೀಬೇಡಿ. ಹೊಸದು ಹಾಕೋವಾಗ ಆನೋಡನ್ನೂ (ಪ್ರೊಪೆಲ್ಲರ್ ಬದಲು ತಾನು ಸವೆಯೋ ಲೋಹದ ತುಂಡು) ಬದಲಾಯಿಸಿ, ನಿಮ್ಮ ಕಡೆ ನೀರು ಅರೆ ಉಪ್ಪು ಅಲ್ವಾ, ಸತುವಿಗಿಂತ ಅಲ್ಯೂಮಿನಿಯಂದು ಚೆನ್ನಾಗಿ ಕೆಲಸ ಮಾಡುತ್ತೆ.

ಇನ್ನು ಜಾತಿ ವಿಷಯ. ಮೂರು ಬ್ಲೇಡು ಅದುರೋದು ಕಮ್ಮಿ, ರಿವರ್ಸಲ್ಲಿ ಹಿಡಿತ ಜಾಸ್ತಿ, ಆದ್ರೆ ಹಾಯಿ ಬಿಚ್ಚಿದಾಗ ಬಕೆಟ್ ಎಳ್ಕೊಂಡು ಹೋದ ಹಾಗೆ. ಚೆಸಪೀಕಲ್ಲಿ ಜುಲೈ ಆಗಸ್ಟ್‌ನಲ್ಲಿ ಗಾಳಿನೇ ಇರಲ್ಲ, ಇರೋ ಚೂರು ಗಾಳೀನೂ ಅದು ತಿಂದುಹಾಕುತ್ತೆ. ಗೋರಿ, ಫ್ಲೆಕ್ಸೋಫೋಲ್ಡ್ ಥರದ ಫೋಲ್ಡಿಂಗ್‌ನಲ್ಲಿ ಎರಡೂ ಬ್ಲೇಡಿನ ಬುಡದಲ್ಲಿ ಒಂದಕ್ಕೊಂದು ಕೂಡೋ ಗೇರ್ ಹಲ್ಲು ಇರುತ್ತೆ, ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುತ್ವೆ, ಏಡಿ ಬುಟ್ಟಿ ಹಗ್ಗ ಸಿಕ್ಕೊಳ್ಳೋದೂ ಕಮ್ಮಿ. ಮ್ಯಾಕ್ಸ್‌ಪ್ರಾಪ್ ಥರದ ಫೆದರಿಂಗ್‌ದು (ಬ್ಲೇಡು ಮಡಚದೆ, ನೀರಿನ ಹರಿವಿಗೆ ಅಂಚು ಕೊಟ್ಟು ತಿರುಗಿ ನಿಲ್ಲೋದು) ರಿವರ್ಸ್ ಇನ್ನೂ ಜೋರು, ಪಿಚ್ ನಾವೇ ಹೊಂದಿಸ್ಕೋಬಹುದು, ಆದ್ರೆ ವರ್ಷಾ ವರ್ಷ ಗ್ರೀಸ್ ತುಂಬಬೇಕು. ಎರಡೂ ಸಾವಿರಗಟ್ಟಲೆ ಡಾಲರ್ ಬಾಬತ್ತು, ಎರಡರ ಸಂದುಗೊಂದಲ್ಲೂ ಬಾರ್ನಕಲ್ (ಬೋಟಿನ ತಳಕ್ಕೆ ಅಂಟ್ಕೊಳ್ಳೋ ಚಿಪ್ಪಿನ ಜೀವಿ) ಕೂತ್ಕೊಂಡ್ರೆ ಬ್ಲೇಡು ಅಲ್ಲಾಡಲ್ಲ. ವಾರಾಂತ್ಯಕ್ಕೆ ಸುತ್ತಾಡೋಕಾದ್ರೆ ನಾನಂತೂ ಈ ವರ್ಷ ಮಡಚದ, ಎರಡು ಬ್ಲೇಡಿನ ಫಿಕ್ಸೆಡ್ಡನ್ನೇ ಸರಿ ಪಿಚ್ಚಲ್ಲಿ ಹಾಕ್ತೀನಿ. ರೇಸಿನ ಹುಚ್ಚು ಇದ್ರೆ ಫೋಲ್ಡಿಂಗ್.

ಆರ್ಡರ್ ಮಾಡೋ ಮುಂಚೆ ಶಾಫ್ಟನ್ನ ವರ್ನಿಯರ್ ಹಾಕಿ ಅಳೀರಿ. ಒಂದು ಇಂಚು ಅಂದ್ರೆ 25.4 ಮಿಲಿಮೀಟರ್, ಮೆಟ್ರಿಕ್‌ದು 25, ಕಣ್ಣಿಗೆ ಎರಡೂ ಒಂದೇ. ಆದ್ರೆ ಶಾಫ್ಟು ತುದಿಗೆ ಸಣ್ಣಗಾಗ್ತಾ ಹೋಗೋ ಇಳಿಜಾರು ಅಮೆರಿಕದ್ದು 16ಕ್ಕೆ 1, ಮೆಟ್ರಿಕ್‌ದು 10ಕ್ಕೆ 1, ತಪ್ಪು ತಂದ್ರೆ ಒಂದು ಕೊನೆಯಲ್ಲಿ ಮಾತ್ರ ಕಚ್ಕೊಂಡು ಇನ್ನೊಂದು ಕಡೆ ಲೊಡಲೊಡ. ಕೂರಿಸೋವಾಗ ಮೊದಲು ಕೀ (ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಜಾರಿ ತಿರುಗದ ಹಾಗೆ ಮಧ್ಯದ ಗಾಡಿಯಲ್ಲಿ ಇಡೋ ಲೋಹದ ಪಟ್ಟಿ) ಇಲ್ದೆ ತಳ್ಳಿ ಎಲ್ಲಿವರೆಗೆ ಬಂತು ಅಂತ ಗೆರೆ ಹಾಕಿ, ಆಮೇಲೆ ಕೀ ಇಟ್ಟು ತಳ್ಳಿದ್ರೆ ಅದೇ ಗೆರೆಗೆ ಬರಬೇಕು, ಬರ್ಲಿಲ್ಲ ಅಂದ್ರೆ ಪ್ರೊಪೆಲ್ಲರ್ ಕೀ ಮೇಲೆ ಹತ್ತಿ ಕೂತಿದೆ. ನಟ್ಟು ಎರಡಿದ್ರೆ ತೆಳ್ಳಗಿರೋದು ಮೊದಲು, ದಪ್ಪಂದು ಆಮೇಲೆ, ತುಂಬಾ ಜನ ಇದನ್ನ ಉಲ್ಟಾ ಹಾಕಿರ್ತಾರೆ.

ಪ್ರಶ್ನೆ: ಹಾಯಲ್ಲಿ ಹೋಗುವಾಗ ಗೇರ್ ನ್ಯೂಟ್ರಲ್ಲಲ್ಲಿ ಬಿಡಬೇಕಾ, ರಿವರ್ಸಿಗೆ ಹಾಕಬೇಕಾ? (ಮುಂಬೈಯಿಂದ ಓದುಗರೊಬ್ಬರು)

ಉತ್ತರ: ಫಿಕ್ಸೆಡ್ ಆಗಿದ್ರೆ ಸುಮ್ನೆ ತಿರುಗೋಕೆ ಬಿಟ್ರೆನೇ ಎಳೆತ ಕಮ್ಮಿ, ಯಾನ್ಮಾರ್‌ನವ್ರೂ ನ್ಯೂಟ್ರಲ್ಲೇ ಇಡಿ ಅಂತಾರೆ. ಬೇರೆ ಗೇರ್‌ಬಾಕ್ಸ್ ಆದ್ರೆ ಮ್ಯಾನ್ಯುಯಲ್ ನೋಡಿ. ಫೋಲ್ಡಿಂಗ್ ಆದ್ರೆ ಎಂಜಿನ್ ನಿಲ್ಲಿಸಿದ ಮೇಲೆ ಶಾಫ್ಟನ್ನೂ ನಿಲ್ಲಿಸಬೇಕು, ಯಾಕಂದ್ರೆ ತಿರುಗ್ತಾ ಇರೋ ಬ್ಲೇಡು ಮುಚ್ಕೊಳ್ಳಲ್ಲ.