ಇಪ್ಪತ್ತೆಂಟು ಎಂದರೆ ಯಾವ ಇಪ್ಪತ್ತೆಂಟು?

ಪ್ರಶ್ನೆ: ನಮ್ಮ ಅಜ್ಜ ಅಡಿಕೆ ವ್ಯಾಪಾರಕ್ಕೆ ಓಡಾಡುತ್ತಿದ್ದ ರಾಲೆ ಸೈಕಲ್ ಕೊಟ್ಟಿಗೆಯಲ್ಲಿತ್ತು. ಇಂಗ್ಲೆಂಡಿನಲ್ಲಿ ತಯಾರಾದದ್ದು, ರಾಡ್ ಬ್ರೇಕಿನದು. ಟೈರುಗಳು ಬಿರುಕು ಬಿಟ್ಟಿವೆ. ಅವುಗಳ ಮೇಲಿನ ಬರಹದಲ್ಲಿ 28 ಎಂಬುದಷ್ಟೇ ಉಳಿದಿದೆ. 28 ಇಂಚಿನದು ಎಂದು ತರಿಸಿದ ಹೊಸ ಟೈರು ರಿಮ್ಮಿಗೆ ಏರುತ್ತಲೇ ಇಲ್ಲ. ಅದರ ಮೇಲೆ 37-622 ಎಂದಿದೆ. ಅಂಗಡಿಯವರು ಲಿವರ್ ಹಾಕಿ ಎಳೆದು ಕೂರಿಸುತ್ತೇನೆ ಎನ್ನುತ್ತಾರೆ. ಕೂರಿಸಬಹುದೇ, ಅಥವಾ ಹೊಸ ಚಕ್ರಗಳನ್ನೇ ಹಾಕಿಸಲೇ? — ಓದುಗರು, ಶಿರಸಿ

ಉತ್ತರ: ಎರಡೂ ಬೇಡ. ಟೈರನ್ನು ವಾಪಸ್ ಕೊಡಿ, ಚಕ್ರಗಳನ್ನು ಹಾಗೆಯೇ ಉಳಿಸಿಕೊಳ್ಳಿ.

28 ಎಂಬುದು ಗಾಳಿ ತುಂಬಿದ ಟೈರಿನ ಹೊರಗಿನ ವ್ಯಾಸ, ಅದೂ ಅಂದಾಜು. ರಿಮ್ಮಿನ ಅಳತೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಹಿಂದಿನವರು ಹೊರ ವ್ಯಾಸವನ್ನು ಒಂದೇ ಆಗಿ ಇಟ್ಟುಕೊಂಡು, ಸಣಕಲು ಟೈರಿಗೆ ದೊಡ್ಡ ರಿಮ್ಮನ್ನೂ ದಪ್ಪ ಟೈರಿಗೆ ಚಿಕ್ಕ ರಿಮ್ಮನ್ನೂ ಮಾಡಿದರು. ಫ್ರಾನ್ಸಿನ ಕ್ರಮದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ 700 ಎಂಬುದು ಮಿಲಿಮೀಟರಿನಲ್ಲಿ ಅಂದಾಜು ಹೊರ ವ್ಯಾಸ, ಪಕ್ಕದ ಅಕ್ಷರ ಟೈರಿನ ದಪ್ಪದ ಗುರುತು: 700ಎ ರಿಮ್ಮು 642 ಮಿಲಿಮೀಟರ್, 700ಬಿ 635, 700ಸಿ 622. ಮೂರಕ್ಕೂ ಅಂಗಡಿಯಲ್ಲಿ 28 ಇಂಚು ಎಂದೇ ಹೆಸರು. ನಿಮ್ಮ ರಾಲೆಯಂತಹ ರಾಡ್ ಬ್ರೇಕಿನ ಇಂಗ್ಲಿಷ್ ಸೈಕಲ್ಲಿನದು ಸಾಮಾನ್ಯವಾಗಿ 28 × 1½, ಅಂದರೆ 635. ಬಂದಿರುವ ಟೈರು 622ರದು. ವ್ಯಾಸದಲ್ಲಿ 13 ಮಿಲಿಮೀಟರ್ ಕೊರತೆ ಎಂದರೆ ಸುತ್ತಳತೆಯಲ್ಲಿ 4 ಸೆಂಟಿಮೀಟರಿಗೂ ಹೆಚ್ಚು. ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇರುತ್ತದೆ, ಅದು ಹಿಗ್ಗುವುದಿಲ್ಲ. ಎಳೆದು ಕೂರಿಸುತ್ತೇನೆ ಎನ್ನುವವರು ಒಂದೋ ತಂತಿಯನ್ನು ತುಂಡು ಮಾಡುತ್ತಾರೆ, ಇಲ್ಲವೇ ರಿಮ್ಮಿನ ಅಂಚನ್ನು ಬಗ್ಗಿಸುತ್ತಾರೆ. ತಂತಿ ತುಂಡಾದ ಟೈರು ಓಡುವ ಸೈಕಲ್ಲಿನಿಂದ ಕಳಚಿಕೊಂಡರೆ ಬೀಳುವುದು ಸವಾರ. ದಯವಿಟ್ಟು ಒಪ್ಪಬೇಡಿ.

ಆದರೂ ನನ್ನ ಮಾತನ್ನೇ ನಂಬಿ ಹಣ ಕೊಡಬೇಡಿ, ಅಳೆದು ನೋಡಿ. ಹಳೆಯ ಟೈರು, ಟ್ಯೂಬು, ರಿಮ್ ಟೇಪ್ ತೆಗೆಯಿರಿ. ರಟ್ಟಿನ ಪೆಟ್ಟಿಗೆಗೆ ಬಿಗಿದಿರುತ್ತದಲ್ಲ, ಆ ಪ್ಲಾಸ್ಟಿಕ್ ಪಟ್ಟಿಯನ್ನು ಉದ್ದಕ್ಕೆ ಸೀಳಿ ಕಿರಿದು ಮಾಡಿಕೊಳ್ಳಿ. ರಿಮ್ಮಿನ ನಡುವಿನ ತಗ್ಗಿನಲ್ಲಲ್ಲ, ಅಂಚಿನ ಗೋಡೆಗೆ ಒತ್ತಿಕೊಂಡಂತೆ ಟೈರಿನ ತಂತಿ ಕೂರುವ ಜಾಗದಲ್ಲಿ ಅದನ್ನು ಬಿಗಿಯಾಗಿ ಸುತ್ತಿ, ಎರಡು ತುದಿ ಸೇರುವಲ್ಲಿ ಬ್ಲೇಡಿನಿಂದ ಗುರುತು ಮಾಡಿ. ನೆಲದ ಮೇಲೆ ನೇರವಾಗಿ ಹಾಸಿ ಅಳೆದಾಗ 1995 ಮಿಲಿಮೀಟರ್ ಆಸುಪಾಸು ಬಂದರೆ 635ರ ರಿಮ್ಮು. 1954 ಬಂದರೆ 622. ನಡುವಿನ ಅಂತರ ಎಷ್ಟು ದೊಡ್ಡದೆಂದರೆ, ಕೈ ಸ್ವಲ್ಪ ಆಚೀಚೆ ಆದರೂ ಒಂದನ್ನು ಇನ್ನೊಂದು ಎಂದುಕೊಳ್ಳಲು ಸಾಧ್ಯವಿಲ್ಲ.

ಚಕ್ರ ಬದಲಾಯಿಸುವ ಯೋಚನೆಯನ್ನು ಬಿಟ್ಟುಬಿಡಿ ಎಂದು ನಾನು ಪಟ್ಟು ಹಿಡಿದು ಹೇಳುವುದಕ್ಕೆ ಬಲವಾದ ಕಾರಣವಿದೆ. ರಾಡ್ ಬ್ರೇಕಿನ ಕಟ್ಟೆಗಳು ರಿಮ್ಮಿನ ಪಕ್ಕವನ್ನು ಹಿಡಿಯುವುದಿಲ್ಲ. ಚಕ್ರದ ನಡುವಿನ ಹಬ್ಬಿನ ಕಡೆಗಿರುವ ಒಳಮೈಗೆ ಕೆಳಗಿನಿಂದ ಒತ್ತುತ್ತವೆ. ಅದಕ್ಕೆಂದೇ ವೆಸ್ಟ್‌ವುಡ್ ಎಂಬ ಈ ಬಗೆಯ ರಿಮ್ಮಿನಲ್ಲಿ ದುಂಡಗಿನ ಹಾದಿ ಮಾಡಿದ್ದಾರೆ. ಈಗಿನ ಮಾಮೂಲಿ ರಿಮ್ಮು ಹಾಕಿದರೆ ಬ್ರೇಕೇ ಇಲ್ಲದಂತಾಗುತ್ತದೆ. ಕಡ್ಡಿಗಳನ್ನೂ ಎಣಿಸಿ ನೋಡಿ, ಮುಂದೆ 32, ಹಿಂದೆ 40 ಇರುತ್ತವೆ. ಹೆಚ್ಚು ಭಾರ ಹೊರುವುದು ಹಿಂದಿನ ಚಕ್ರವೆಂದು ಲೆಕ್ಕ ಹಾಕಿ ಕಟ್ಟಿದ್ದು ಅದು. ಅಂತಹ ಚಕ್ರವನ್ನು ಗುಜರಿಗೆ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಒಳ್ಳೆಯ ಸುದ್ದಿ ಎಂದರೆ 28 × 1½ ಟೈರು ನಮ್ಮ ದೇಶದಲ್ಲಿ ಅಪರೂಪದ ಸಾಮಾನಲ್ಲ. ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು ಹೊರುವ ಕಪ್ಪು ಸೈಕಲ್ಲುಗಳಿಗೆ ಬೇಕಾದದ್ದು ಇದೇ. ಆನ್‌ಲೈನಿನಲ್ಲಿ ಹುಡುಕುವ ಬದಲು ಪೇಟೆಯ ಹಳೆಯ ಸೈಕಲ್ ಅಂಗಡಿಯಲ್ಲಿ ಕೇಳಿ, ಪಕ್ಕದಲ್ಲಿ 40-635 ಎಂದು ಅಚ್ಚಾಗಿದೆಯೇ ಎಂದು ನೋಡಿಯೇ ಕೊಳ್ಳಿ. ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ವ್ಯಾಸ. ಹೊಂದಲೇಬೇಕಾದದ್ದು ಎರಡನೆಯದು.

ಹಾಕುವ ಮುನ್ನ ರಿಮ್ಮಿನ ಒಳಗಿನ ತುಕ್ಕನ್ನು ಎಮೆರಿ ಕಾಗದದಿಂದ ಉಜ್ಜಿ, ಮೇಲೆದ್ದ ಕಡ್ಡಿಯ ತುದಿಗಳನ್ನು ಅರದಿಂದ ಸಮ ಮಾಡಿ, ಹೊಸ ರಿಮ್ ಟೇಪ್ ಹಾಕಿ. ಟೈರನ್ನು ವಾಲ್ವಿನ ಎದುರು ಬದಿಯಿಂದ ಆರಂಭಿಸಿ ವಾಲ್ವಿನ ಬಳಿ ಮುಗಿಸಿ, ಸ್ಕ್ರೂಡ್ರೈವರ್ ಮುಟ್ಟದೆ ಹೆಬ್ಬೆರಳಿನಿಂದ. ಅರ್ಧ ಗಾಳಿ ಹೊಡೆದು ಚಕ್ರ ತಿರುಗಿಸಿ. ಟೈರಿನ ಪಕ್ಕದಲ್ಲಿರುವ ಸಣ್ಣ ಗೆರೆ ಸುತ್ತಲೂ ರಿಮ್ಮಿನಿಂದ ಒಂದೇ ಎತ್ತರದಲ್ಲಿ ಕಾಣಬೇಕು. ಎಲ್ಲಾದರೂ ಮುಳುಗಿದ್ದರೆ ಗಾಳಿ ಬಿಟ್ಟು, ಆ ಜಾಗವನ್ನು ಕೈಯಿಂದ ಸರಿಪಡಿಸಿದ ಮೇಲೆಯೇ ಪೂರ್ತಿ ಗಾಳಿ ತುಂಬಿ.

ಪ್ರಶ್ನೆ: ಅಮ್ಮನ ಹಳೆಯ ಲೇಡೀಸ್ ಸೈಕಲ್ಲಿನ ಟೈರಿನಲ್ಲಿ 26 × 1⅜ ಎಂದಿದೆ. 26 × 1.75 ಹಾಕಿದರೆ ಸ್ವಲ್ಪ ದಪ್ಪವಾಗುತ್ತದೆ ಅಷ್ಟೆ ಎನ್ನುತ್ತಾರೆ. ನಿಜವೇ? — ಓದುಗರು, ಮಂಡ್ಯ

ಉತ್ತರ: ನಿಜವಲ್ಲ. 26 × 1⅜ ಸಾಮಾನ್ಯವಾಗಿ 590ರ ರಿಮ್ಮಿಗೆ, 26 × 1.75 ಮೌಂಟನ್ ಸೈಕಲ್ಲಿನ 559ರ ರಿಮ್ಮಿಗೆ. ಸೈಕಲ್ ಟೈರಿನಲ್ಲಿ ಭಿನ್ನರಾಶಿಯೂ ದಶಮಾಂಶವೂ ಬೇರೆ ಬೇರೆ ಮನೆತನಗಳು. 26 × 1½ ಮತ್ತು 26 × 1.50 ಗಣಿತದ ಪುಸ್ತಕದಲ್ಲಿ ಒಂದೇ, ಆದರೆ ಮೊದಲನೆಯದು 584, ಎರಡನೆಯದು 559. ನೀವು 37-590 ಎಂದು ಅಚ್ಚಾದದ್ದನ್ನೇ ಕೇಳಿ ಪಡೆಯಿರಿ. ಟ್ಯೂಬಿನ ವಿಷಯದಲ್ಲಿ ಇಷ್ಟು ಬಿಗಿ ಬೇಡ. ರಬ್ಬರು ಹಿಗ್ಗುತ್ತದೆ, ಹತ್ತಿರದ ಅಳತೆಯಾದರೆ ನಡೆಯುತ್ತದೆ.

ಪ್ರಶ್ನೆ: ಇಲ್ಲಿ 1970ರ ದಶಕದ ಹತ್ತು ಗೇರಿನ ಸೈಕಲ್ ಕೊಂಡೆ. ಟೈರು 27 × 1¼. ಅಂಗಡಿಯವರು 700ಸಿ ಚಕ್ರ ಹಾಕಿಸಿಕೊಳ್ಳಿ ಎನ್ನುತ್ತಾರೆ. — ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ನಿಮ್ಮದು 630. ಅದರ ಟೈರುಗಳು ಈಗಲೂ ತಯಾರಾಗುತ್ತಿವೆ, ಆದ್ದರಿಂದ ಅವಸರ ಬೇಡ. ಹೆಸರಿನಲ್ಲಿ 28ಕ್ಕಿಂತ ಚಿಕ್ಕದಾದರೂ ಇದು 700ಸಿಗಿಂತ 8 ಮಿಲಿಮೀಟರ್ ದೊಡ್ಡ ರಿಮ್ಮು. 630ರ ಟೈರು 622ರ ರಿಮ್ಮಿಗೆ ಸಲೀಸಾಗಿ ಏರುತ್ತದೆ, ಗಾಳಿ ತುಂಬಿದಾಗ ಹಾರಿಹೋಗುತ್ತದೆ. ಆ ಜೋಡಿಯನ್ನು ಯಾರು ಹೇಳಿದರೂ ಮಾಡಬೇಡಿ. ನಿಮ್ಮದು ಹಳೆಯ ಸ್ಟೀಲ್ ರಿಮ್ಮಾಗಿದ್ದು, ಅಂಚು ಒಳಕ್ಕೆ ಕೊಕ್ಕೆಯಂತೆ ಬಾಗದೆ ನೇರವಾಗಿದ್ದರೆ ಗಾಳಿಯ ಒತ್ತಡವನ್ನು 70 ಪಿಎಸ್‌ಐ ಮೀರಿಸಬೇಡಿ.

ಆದರೆ ಮಳೆಯಲ್ಲಿ ದಿನವೂ ಓಡಿಸುವುದಾದರೆ ಅಂಗಡಿಯವರ ಮಾತಿಗೆ ನನ್ನ ಸಮ್ಮತಿಯಿದೆ. ಒದ್ದೆಯಾದ ಕ್ರೋಮ್ ರಿಮ್ಮಿನಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುವುದಿಲ್ಲ, ಅಲ್ಯೂಮಿನಿಯಂ ರಿಮ್ಮು ಅದಕ್ಕಿಂತ ಎಷ್ಟೋ ಮೇಲು. ಆಗ ಬ್ರೇಕ್ ಕಟ್ಟೆಗಳು 4 ಮಿಲಿಮೀಟರ್ ಕೆಳಗೆ ಇಳಿಯಬೇಕಾಗುತ್ತದೆ. ಬ್ರೇಕಿನ ತೋಳಿನಲ್ಲಿರುವ ಉದ್ದನೆಯ ರಂಧ್ರದಲ್ಲಿ ಅಷ್ಟು ಜಾಗ ಉಳಿದಿದೆಯೇ ಎಂದು ನೋಡಿಕೊಂಡು ಚಕ್ರಕ್ಕೆ ಹಣ ಕೊಡಿ.