ಮೋಟಾರ್ ಕೂಗುತ್ತದೋ, ಗೋಡೆ ಕೂಗುತ್ತದೋ?

ಪ್ರಶ್ನೆ: ಸರ್, ಹುಬ್ಬಳ್ಳಿಯಲ್ಲಿ ನಮ್ಮದು ಹಳೆಯ ಮನೆ. ನಳ ಬರುವುದು ಐದಾರು ದಿನಕ್ಕೊಮ್ಮೆ, ಹಾಗಾಗಿ ಅಂಗಳದಲ್ಲಿ ದೊಡ್ಡ ಸಂಪು ಕಟ್ಟಿಸಿದ್ದೇವೆ. ಅದರ ತಳದಿಂದ ಮಾಳಿಗೆ ಮೇಲಿನ ಟ್ಯಾಂಕಿನ ಬಾಯಿವರೆಗೆ 35 ಅಡಿ. ಅರ್ಧ ಎಚ್‌ಪಿ ಮೋಟಾರ್ ಮೆಟ್ಟಿಲ ಕೆಳಗಿದೆ. ಬೆಳಗ್ಗೆ ಐದಕ್ಕೆ ಚಾಲೂ ಮಾಡಿದರೆ ಅಡುಗೆಮನೆಯ ಶೆಲ್ಫಿನಲ್ಲಿರುವ ಸ್ಟೀಲ್ ವಾಟಿಗಳು ಕಿಣಿಕಿಣಿ ಅನ್ನುತ್ತವೆ. ಮೇಲಿನ ಬಾಡಿಗೆಯವಳು ‘ಕಾಕೂ, ನಿಮ್ಮ ಮೋಟಾರ್ ಚಾಲೂ ಆತಂದ್ರ ನಮ್ಮ ಕೂಸು ಎದ್ದು ಕುಂಡ್ರತೈತಿ’ ಅಂತಾಳೆ. ಸದ್ದು ಮಾಡದ ಪಂಪ್ ಯಾವುದು ತರಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅಕ್ಕಾವ್ರೇ, ಅಂಗಡಿಗೆ ಹೋಗುವ ಮೊದಲು ಸ್ವಲ್ಪ ತಡೆಯಿರಿ. ಅರ್ಧ ಉತ್ತರ ನಿಮ್ಮ ವಾಟಿಗಳೇ ಕೊಟ್ಟಿವೆ. ಮೆಟ್ಟಿಲ ಕೆಳಗಿನ ಮೋಟಾರಿಗೆ ಅಡುಗೆಮನೆ ವಾಟಿ ಕುಣಿಯುತ್ತವೆ ಅಂದರೆ ನಡುಕ ಪೈಪು ಹಿಡಿದುಕೊಂಡು ಗೋಡೆಯೊಳಗೆ ಹೋಗುತ್ತಿದೆ. ಹೊಸ ಪಂಪ್ ತಂದು ಅದೇ ಫರಸಿಗೆ ಅದೇ ಬೋಲ್ಟ್ ಬಿಗಿದರೆ ಆ ಕೂಸು ನಾಳೆಯೂ ಏಳುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಮೋಟಾರ್ ಓಡುವಾಗ ಸ್ವಿಚ್ ಬಂದ್ ಮಾಡಿ, ಕಿವಿಗೊಡಿ. ಗುಂಯ್ ಎನ್ನುವ ಸದ್ದು ಆ ಕ್ಷಣವೇ ನಿಂತರೆ ಅದು ಕರೆಂಟಿನ ಸದ್ದು. ಮೋಟಾರ್ ತಿರುಗಿ ತಿರುಗಿ ನಿಲ್ಲುವವರೆಗೂ ಗರಗರ ಅನ್ನುತ್ತಿದ್ದರೆ ಬೇರಿಂಗ್ ಸವೆದಿದೆ. ರಿಪೇರಿಯವರು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಕೇಳುವುದು ಇದನ್ನೇ. ಬೇರಿಂಗ್ ಬದಲಿಸಿದರೆ ಆಯ್ತು, ಹೊಸ ಮೋಟಾರಿನ ಮಾತೇ ಬೇಡ. ಇನ್ನು ಒಳಗೆ ಸಣ್ಣ ಕಲ್ಲು ಉರುಳಿದಂತೆ ಗಡಗಡ ಅಂದರೆ ನೀರು ಎಳೆಯುವ ಕಡೆ ತೊಂದರೆ. ಸಂಪಿನೊಳಗೆ ಪೈಪಿನ ತುದಿಗಿರುವ ಫುಟ್‌ವಾಲ್ವಿನ ಜಾಲರಿಗೆ ಕಸ ಕೂತಿರುತ್ತದೆ, ಇಲ್ಲವೇ ಯಾರೋ ಒಂದಿಂಚಿನ ಪೈಪಿನ ಬದಲು ಮುಕ್ಕಾಲಿಂಚು ಹಾಕಿ ಹೋಗಿರುತ್ತಾರೆ.

ಬೇರಿಂಗೂ ಅಲ್ಲ, ನೀರಿನ ಎಳೆತವೂ ಅಲ್ಲವಾ? ಹಾಗಿದ್ದರೆ ಬೋಲ್ಟ್ ಬಿಚ್ಚಿಸಿ, ಮೋಟಾರಿನ ಕೆಳಗೆ ದಪ್ಪ ರಬ್ಬರ್ ಶೀಟ್ ಹಾಕಿಸಿ. ಮೇಲೆ ಹೋಗುವ ಪೈಪಿಗೂ ಮೋಟಾರಿಗೂ ನಡುವೆ ಒಂದಡಿ ಗಟ್ಟಿ ಹೋಸ್ ಪೈಪ್ ಸೇರಿಸಿ (ಸಂಪಿನ ಕಡೆಯ ಪೈಪಿಗೆ ಮೆತ್ತನೆಯದು ಬೇಡ, ಎಳೆತಕ್ಕೆ ಚಪ್ಪಟೆಯಾಗುತ್ತದೆ). ಗೋಡೆಯ ಕ್ಲಾಂಪುಗಳ ಒಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿಸಿ. ಖರ್ಚು ಕಡಿಮೆ, ವಾಟಿಗಳು ಸುಮ್ಮನಾಗುತ್ತವೆ. ಒಂದು ತಪ್ಪು ಮಾತ್ರ ಮಾಡಬೇಡಿ: ಮೋಟಾರಿಗೆ ಪೆಟ್ಟಿಗೆ ಮುಚ್ಚಬೇಡಿ. ನಾನು ಒಮ್ಮೆ ಥರ್ಮಾಕೋಲ್ ಹಚ್ಚಿದ ಮರದ ಪೆಟ್ಟಿಗೆ ಮಾಡಿ ಮುಚ್ಚಿ, ಎಂಥಾ ಬುದ್ಧಿವಂತ ಅಂತ ಬೀಗಿದ್ದೆ. ಗಾಳಿ ಇಲ್ಲದೆ ಬಿಸಿಯಾಗಿ ಒಂದೇ ತಿಂಗಳಿಗೆ ಒಳಗಿನ ತಂತಿಸುರುಳಿ (ವೈಂಡಿಂಗ್) ಸುಟ್ಟಿತು.

ಇಷ್ಟಾದರೂ ಕೊಳ್ಳಲೇಬೇಕು ಅಂತಿದ್ದರೆ ನನ್ನ ಮತ ಓಪನ್‌ವೆಲ್ ಸಬ್‌ಮರ್ಸಿಬಲ್ಲಿಗೆ. ಅದು ನೀರಿನಲ್ಲೇ ಮುಳುಗಿ ಕೂರುತ್ತದೆ, ತಂಪು ಮಾಡಲು ಫ್ಯಾನ್ ಬೇಕಿಲ್ಲ, ಸಂಪಿನ ಮುಚ್ಚಳ ಹಾಕಿದರೆ ಹೊರಗೆ ಬರುವ ಸದ್ದು ತೀರಾ ಕಡಿಮೆ. ಅರ್ಧ ಎಚ್‌ಪಿ ಸಾಕು. ನಿಮ್ಮ 35 ಅಡಿ ಅಂದರೆ ಸುಮಾರು 11 ಮೀಟರ್, ಪೈಪು ಮತ್ತು ಬೆಂಡುಗಳಿಗೆ ಇನ್ನೆರಡು ಮೂರು ಸೇರಿಸಿದರೆ 14 ಮೀಟರ್ ಹೆಡ್, ಅಂದರೆ ಪಂಪ್ ನೀರು ಏರಿಸಬೇಕಾದ ಒಟ್ಟು ಎತ್ತರ. ನೇಮ್‌ಪ್ಲೇಟಿನಲ್ಲಿ ಬರೆದ ಹೆಡ್ ಅಳತೆಯ ನಡುಭಾಗದಲ್ಲಿ ಈ 14 ಬರಬೇಕು. ‘ಇರಲಿ, ಪವರ್ ಜಾಸ್ತಿ ಇರಲಿ’ ಅಂತ 40 ಮೀಟರಿನದು ಕೊಟ್ಟರೆ ತರಬೇಡಿ. ಕಡಿಮೆ ಎತ್ತರಕ್ಕೆ ಓಡಿದಾಗ ಅದು ಅಳತೆ ಮೀರಿ ನೀರು ನೂಕುತ್ತದೆ, ಕರೆಂಟೂ ಜಾಸ್ತಿ ಎಳೆಯುತ್ತದೆ, ಸದ್ದೂ ಮಾಡುತ್ತದೆ.

ಈ ಓಪನ್‌ವೆಲ್ ಪಂಪಿಗೂ ಕೊರತೆ ಇದೆ. ನವಿಲುತೀರ್ಥ ಅಣೆಕಟ್ಟಿನಿಂದ ಬರಲಿ, ನೀರಸಾಗರ ಕೆರೆಯಿಂದ ಬರಲಿ, ನೀರು ದಿನಗಟ್ಟಲೆ ಸಂಪಿನಲ್ಲಿ ನಿಂತಾಗ ತಳದಲ್ಲಿ ರಾಡಿ ಕೂರುತ್ತದೆ. ಆದ್ದರಿಂದ ಪಂಪನ್ನು ಎರಡು ಇಟ್ಟಿಗೆ ಮೇಲೆ ಕೂರಿಸಬೇಕು. ಆಗ ತಳದ ಒಂದಡಿ ನೀರು ಏರುವುದಿಲ್ಲ; ನಳ ತಡವಾದ ವಾರ ಅದಕ್ಕೆ ಕೊಡವೇ ಗತಿ. ನೀರಿಲ್ಲದೆ ಓಡಿಸಿದರಂತೂ ಸುಟ್ಟೇ ಹೋಗುತ್ತದೆ. ಅರ್ಥಿಂಗ್ ಸರಿ ಇದೆಯಾ ನೋಡಿಸಿ, ಕರೆಂಟ್ ಸೋರಿದರೆ ತಾನೇ ಬಂದ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ, ಕೇಬಲ್ಲಿನ ಜಾಯಿಂಟ್ ನೀರಿನೊಳಗೆ ಇರಬಾರದು. ಸಂಪಿಗೆ ಯಾರೇ ಇಳಿಯಲಿ, ಮೊದಲು ಮೇನ್ ಬಂದ್.

ಪ್ರಶ್ನೆ: ಮೋಟಾರ್ ಓಡುವಾಗ ಸದ್ದಿಲ್ಲ, ಬಂದ್ ಮಾಡಿದ ಮೇಲೆ ಧಡ್ ಅಂತ ಒಂದು ಹೊಡೆತ. ಯಾಕೆ?
– ಓದುಗರು, ಗದಗ

ಉತ್ತರ: ಮೋಟಾರ್ ನಿಂತಾಗ ಪೈಪಿನಲ್ಲಿದ್ದ ನೀರು ಹಿಂದಕ್ಕೆ ಬೀಳುತ್ತದೆ. ನೀರು ಹಿಂದೆ ಬರದಂತೆ ತಡೆಯುವ ಎನ್‌ಆರ್‌ವಿ (ನಾನ್-ರಿಟರ್ನ್ ವಾಲ್ವ್) ಬಾಗಿಲು ತಡವಾಗಿ ಮುಚ್ಚಿಕೊಂಡರೆ ಆ ನೀರೇ ಅದನ್ನು ಬಡಿದು ಮುಚ್ಚುತ್ತದೆ. ಸ್ಪ್ರಿಂಗ್ ಇರುವ ಎನ್‌ಆರ್‌ವಿ ಹಾಕಿಸಿ, ನೀರು ತಿರುಗುವ ಮೊದಲೇ ಅದು ಮುಚ್ಚಿರುತ್ತದೆ. ಬಿಟ್ಟರೆ ಒಂದಿನ ಬೆಂಡಿನ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ, ಅದೂ ಟ್ಯಾಂಕ್ ತುಂಬಿದ ದಿನವೇ.