ರಾ ಫ್ರೇಮ್ ಆ ಕಡೆ ಸಿಗ್ತಿಲ್ಲ ಅಂದ್ರೆ ಮೊದಲು 13, 14ನೇ ಬೈಟ್ ನೋಡಿ

ಸಿ ಪ್ರೋಗ್ರಾಮ್‌ನಿಂದ ರಾ ಈಥರ್ನೆಟ್ ಫ್ರೇಮ್ (ಹೆಡರ್ ಸಮೇತ ನಾವೇ ಕಟ್ಟಿದ ನೆಟ್‌ವರ್ಕ್ ಪೊಟ್ಟಣ) ಕಳಿಸ್ತಿದ್ದೀನಿ, ಆ ಕಡೆ ಸಿಗ್ತಿಲ್ಲ, ಲಿನಕ್ಸ್ ಮತ್ತು ಮ್ಯಾಕ್ ಎರಡರಲ್ಲೂ ಓಡೋ ಸಾಕೆಟ್ ಯಾವುದು ಅಂತ ಕೇಳಿದ್ದೀರಿ. ಓದಿದ ತಕ್ಷಣ ನನ್ನ ಮೊದಲ ಕೆಲಸ ನೆನಪಾಯಿತು.

ಅದೊಂದು ಚಿಕ್ಕ ಕಂಪನಿ. ಐಪಿ ಇಲ್ಲದೆ ನೇರವಾಗಿ ಈಥರ್ನೆಟ್ ಮೇಲೆ ಓಡುವ ಪುಟ್ಟ ಪ್ರೋಟೋಕಾಲ್ ಬರೆಯೋದು ನನ್ನ ಪಾಲಿಗೆ ಬಂತು. ಇಡೀ ಫ್ರೇಮನ್ನು ನಾವೇ ಕಳಿಸೋಕೆ, ಪಡೆಯೋಕೆ ಬಿಡುವ ಲಿನಕ್ಸ್‌ನ ಎಎಫ್-ಪ್ಯಾಕೆಟ್ ಸಾಕೆಟ್ ತೆರೆದೆ. ಆರು ಬೈಟ್ ಹೋಗಬೇಕಾದ ವಿಳಾಸ, ಆರು ಬೈಟ್ ನನ್ನ ವಿಳಾಸ, ಎರಡು ಬೈಟ್ ಈಥರ್‌ಟೈಪ್ (ಒಳಗಿರೋದು ಯಾವ ಪ್ರೋಟೋಕಾಲ್ ಅಂತ ಹೇಳುವ ಸಂಖ್ಯೆ, ಇದೇ ಆ 13, 14ನೇ ಬೈಟ್), ಆಮೇಲೆ ಡೇಟಾ. ಎರಡು ಲ್ಯಾಪ್‌ಟಾಪ್ ನಡುವೆ ಒಂದು ಕೇಬಲ್ ಹಾಕಿದೆ, ಮೊದಲ ದಿನವೇ ಕೆಲಸ ಮಾಡಿತು. ಎರಡು ವಾರ ಅದರ ಮೇಲೇ ಎಲ್ಲಾ ಕಟ್ಟಿದೆ. ಆಮೇಲೆ ಒಂದು ಲ್ಯಾಪ್‌ಟಾಪ್ ತೆಗೆದು, ಆ ಜಾಗದಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ರೌಟರ್ ಲಿನಕ್ಸ್ ಹಾಕಿದ, ಮಿಪ್ಸ್ ಪ್ರೊಸೆಸರ್‌ನ ಹಳೆಯ ರೌಟರ್ ಇಟ್ಟೆವು. ಒಂದೇ ಒಂದು ಫ್ರೇಮ್ ಸಿಗಲಿಲ್ಲ.

ಕೇಬಲ್ ಬದಲಿಸಿದೆ. ಸ್ವಿಚ್ ಬದಲಿಸಿದೆ. ಡ್ರೈವರ್ ಮೇಲೆ ಅನುಮಾನಪಟ್ಟು ಕರ್ನಲ್ ಮತ್ತೆ ಕಂಪೈಲ್ ಮಾಡಿದೆ. ರೌಟರ್‌ನಲ್ಲಿ ಐಎಫ್‌ಕಾನ್ಫಿಗ್ ಹೊಡೆದರೆ ಬಂದ ಪ್ಯಾಕೆಟ್‌ಗಳ ಲೆಕ್ಕ ಏರ್ತಾನೇ ಇತ್ತು, ಅಂದ್ರೆ ಫ್ರೇಮ್ ಬಾಗಿಲವರೆಗೂ ಬರ್ತಿದೆ, ನನ್ನ ಪ್ರೋಗ್ರಾಮ್‌ಗೆ ಮಾತ್ರ ಸಿಗ್ತಿಲ್ಲ. ಒಂಬತ್ತು ದಿನ ಹೀಗೇ ಹೋಯಿತು. ಗ್ರಾಹಕರಿಗೆ ತೋರಿಸಬೇಕಿದ್ದ ದಿನವೂ ಅದರಲ್ಲೇ ಕಳೆದುಹೋಯಿತು.

ತಪ್ಪು ಏನು ಗೊತ್ತಾ? ಈಥರ್‌ಟೈಪ್ ಅಂತ ಹೆಕ್ಸ್‌ನಲ್ಲಿ 1234 ಇಟ್ಟಿದ್ದೆ, ಬೈಟ್‌ಗಳನ್ನು ನೆಟ್‌ವರ್ಕ್ ಕ್ರಮಕ್ಕೆ ತರುವ ಎಚ್‌ಟಾನ್ಸ್ ಕರೆ ಹಾಕಿರಲಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಇಂಟೆಲ್ ಲ್ಯಾಪ್‌ಟಾಪ್ ಸಂಖ್ಯೆಯ ಕೊನೆಯ ಬೈಟನ್ನು ಮೊದಲು ಇಡುತ್ತೆ, ಹಾಗಾಗಿ ತಂತಿಯ ಮೇಲೆ 34 12 ಅಂತ ಹೋಯಿತು. ಕೇಳುವ ಕಡೆ ಸಾಕೆಟ್ ತೆರೆಯುವಾಗಲೂ, ಯಾವ ಈಥರ್‌ಟೈಪ್ ಬೇಕು ಅಂತ ಹೇಳುವ ಮೂರನೇ ಆರ್ಗ್ಯುಮೆಂಟ್‌ಗೆ ಎಚ್‌ಟಾನ್ಸ್ ಇಲ್ಲದೆ ಅದೇ 1234 ಕೊಟ್ಟಿದ್ದೆ. ಆ ಲ್ಯಾಪ್‌ಟಾಪ್ ಕೂಡ ಅದನ್ನು 34 12 ಅಂತಲೇ ಓದಿಕೊಂಡಿತು. ಎರಡೂ ಕಡೆ ಒಂದೇ ಥರ ತಪ್ಪು, ಆದ್ದರಿಂದ ಎಲ್ಲಾ ಸರಿಯಾಗಿದೆ ಅನ್ನಿಸಿತು. ನನ್ನ ಕೈಲಿದ್ದ ಮಿಪ್ಸ್ ಸಂಖ್ಯೆಯ ಮೊದಲ ಬೈಟನ್ನೇ ಮೊದಲು ಇಡುವ ಜಾತಿ. ಅದು 12 34 ಬರಲಿ ಅಂತ ಕಾಯ್ತಾ ಕೂತಿತ್ತು, ಬರ್ತಿದ್ದದ್ದು 34 12. ಕರ್ನಲ್‌ನಿಂದ ಒಂದು ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಫ್ರೇಮ್ ಕಳಿಸುವ ಸೆಂಡ್‌ಟು ಕರೆ ಪ್ರತಿ ಸಲವೂ ಸರಿಯಾದ ಬೈಟ್ ಲೆಕ್ಕವನ್ನೇ ವಾಪಸ್ ಕೊಡ್ತಿತ್ತು. ಕೊನೆಗೆ ರೌಟರ್‌ನಲ್ಲಿ, ಬಂದ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಅನ್ನು ಮೈನಸ್ ಇ (ಈಥರ್ನೆಟ್ ಹೆಡರನ್ನೂ ತೋರಿಸು ಅನ್ನೋ ಆಯ್ಕೆ) ಜೊತೆ ಓಡಿಸಿದಾಗ ಈಥರ್‌ಟೈಪ್ ಜಾಗದಲ್ಲಿ 3412 ಕಾಣಿಸಿತು. ಸರಿ ಮಾಡೋಕೆ ಎರಡು ನಿಮಿಷ ಸಾಕಾಯಿತು. ಸುಮ್ನೆ ಒಂದು ನಂಬರ್ ಆರಿಸಿದ್ದೂ ತಪ್ಪೇ. ಪ್ರಯೋಗಕ್ಕೆ ಅಂತಲೇ ಹೆಕ್ಸ್‌ನಲ್ಲಿ 88ಬಿ5 ಮತ್ತು 88ಬಿ6 ಮೀಸಲಿವೆ, ಅದನ್ನೇ ಬಳಸಿ.

ಇನ್ನು ನಿಮ್ಮ ಪ್ರಶ್ನೆ. ಎರಡೂ ಕಡೆ ಓಡುವ ಸಾಕೆಟ್ ಅಂತ ಒಂದಿಲ್ಲ, ಹುಡುಕಬೇಡಿ. ಎಎಫ್-ಪ್ಯಾಕೆಟ್ ಲಿನಕ್ಸ್‌ನದು, ಮ್ಯಾಕ್‌ನಲ್ಲಿ ಇಲ್ಲ. ಮ್ಯಾಕ್ ಮತ್ತು ಬಿಎಸ್‌ಡಿಗಳಲ್ಲಿ ಬಿಪಿಎಫ್ ಅನ್ನೋ ಡಿವೈಸ್ ಫೈಲ್ ತೆರೆದು ಅದಕ್ಕೆ ಬರೀಬೇಕು, ಅದೇ ಬೇರೆ ಲೋಕ. ಎರಡನ್ನೂ ಕೈಯಾರೆ ಬರೆಯೋದು ಬೇಡ, ಎರಡೂ ಕಡೆ ಓಡುವ ಲಿಬ್‌ಪಿಕ್ಯಾಪ್ ಲೈಬ್ರರಿ ಹಾಕಿ ಅದರ ಇಂಜೆಕ್ಟ್ ಕರೆ ಬಳಸಿ. ಐಪಿಯ ರಾ ಸಾಕೆಟ್‌ನಿಂದಲೂ ಇದು ಆಗಲ್ಲ, ಅಲ್ಲಿ ಈಥರ್ನೆಟ್ ಹೆಡರ್ ಕರ್ನಲ್‌ದೇ. ನಿಜ ಹೇಳಬೇಕಂದ್ರೆ ನಿಮ್ಮ ಕೆಲಸ ಐಪಿ ಮೇಲಿನ ಮಾಮೂಲಿ ಯುಡಿಪಿಯಲ್ಲಿ ಆಗುತ್ತೆ ಅಂದ್ರೆ ಅಲ್ಲೇ ಮಾಡಿ, ವೇಗ ಜಾಸ್ತಿ ಸಿಗುತ್ತೆ ಅನ್ನೋ ಆಸೆಗೆ ಈ ಕಡೆ ಬರಬೇಡಿ.

ಲಿನಕ್ಸ್‌ನಲ್ಲಿ ಇಡೀ ಪ್ರೋಗ್ರಾಮನ್ನು ರೂಟ್ ಆಗಿ ಓಡಿಸಬೇಡಿ, ಸೆಟ್‌ಕ್ಯಾಪ್ ಕಮಾಂಡ್‌ನಿಂದ ನೆಟ್-ರಾ (ರಾ ಸಾಕೆಟ್ ತೆರೆಯುವ) ಹಕ್ಕೊಂದನ್ನೇ ಕೊಡಿ. ಡೇಟಾ ಎಷ್ಟು ಉದ್ದ ಅಂತ ಫ್ರೇಮ್ ಒಳಗೇ ಬರೆದಿಡಿ, ಯಾಕಂದ್ರೆ 60 ಬೈಟ್‌ಗಿಂತ ಚಿಕ್ಕ ಫ್ರೇಮ್ ದಾರಿಯಲ್ಲಿ ಸೊನ್ನೆ ತುಂಬಿಸಿಕೊಂಡು ಬರುತ್ತೆ.

ಈಗಲೇ ಕೇಳುವ ಕಡೆಯ ಮೆಷಿನ್‌ನಲ್ಲಿ ಟಿಸಿಪಿಡಂಪ್ ಅನ್ನು ಮೈನಸ್ ಇ, ಮೈನಸ್ ಎಕ್ಸ್‌ಎಕ್ಸ್ (ಹೆಡರ್ ಸಮೇತ ಬೈಟ್‌ಗಳನ್ನು ಹೆಕ್ಸ್‌ನಲ್ಲಿ ತೋರಿಸೋಕೆ) ಹಾಕಿ ಓಡಿಸಿ. 13 ಮತ್ತು 14ನೇ ಬೈಟ್ ಏನು ಬಂತು, ಎರಡೂ ಕಡೆ ಯಾವ ಪ್ರೊಸೆಸರ್ ಇದೆ ಅಂತ ಕಾಮೆಂಟ್‌ನಲ್ಲಿ ಬರೀರಿ, ನೋಡ್ತೀನಿ.